ಪರಾತದಷ್ಟು ಜಾಗದಲ್ಲಿ ತಿರುಗುವ ಇಂಜಿನ್

ನಾವು ಯಾವುದಕ್ಕಾಗಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯುತ್ತೇವೋ, ಅದು ಬಾರದೆ ಇದ್ದುದರಿಂದ ನಮಗೆ ಎಷ್ಟೊಂದು ಅನುಕೂಲವಾಗಿತ್ತು ಎಂಬುದು ಅದು ಬಂದ ಮೇಲೆಯೇ ತಿಳಿಯುತ್ತದೆ. ಇದನ್ನು ನಾನು ಯಾವ ಮಠದ ಪ್ರವಚನದಲ್ಲೂ ಕೇಳಿದ್ದಲ್ಲ. ಗೇಣುದ್ದವೂ ಇಲ್ಲದ ಒಂದು ಆಟಿಕೆಯ ರೈಲು ಇಂಜಿನ್ ನನಗೆ ಕಲಿಸಿತು. ಎಪ್ಪತ್ತೈದರ ಸುಮಾರಿಗೆ ಶುರುವಾದ ಮಾತು. ಆಗಲೂ ಈಗಲೂ ನಾನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸುಗಳು ಹೊರಡುವ ಹೊತ್ತನ್ನು ಕೂಗಿ ಹೇಳುವುದು, ಅವು ಹೊರಡದಿದ್ದಾಗ ಬೈಸಿಕೊಳ್ಳುವುದು, ಇವೆರಡೇ ನನ್ನ ಕೆಲಸ. ಹಗಲೆಲ್ಲ ಬಸ್ಸಿನ ಅನ್ನ ತಿಂದು ಸಂಜೆ ಮನೆಗೆ ಬಂದು ರೈಲು ಓಡಿಸುತ್ತಿದ್ದೆ. ಈ ದ್ರೋಹವನ್ನು ಡಿಪೋದವರಿಂದ ಮುಚ್ಚಿಟ್ಟಿದ್ದೇನೆಂದು ನಾನು ತಿಳಿದಿದ್ದೆ. ಅವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋಗಿದ್ದರು.

ನಮ್ಮ ಕಡೆಯ ಈ ನಾಲ್ಕೂ ಊರುಗಳಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಹೀಗಿರುವಾಗ ಬೆಳಗಾವಿ ಕ್ಯಾಂಪಿನ ಒಬ್ಬ ಮಿಲಿಟರಿ ಅಧಿಕಾರಿ ಮನೆ ಸಾಮಾನು ಮಾರಿ ಹೊರಟಾಗ, ಕಪಾಟು ತರಲು ಹೋದ ನಾನು ಕರೆಂಟಿನ ಮೇಲೆ ಓಡುವ ಆಟಿಕೆ ರೈಲನ್ನು ತಂದುಬಿಟ್ಟೆ. ಹಿಂದೆ ನೀರು-ಕಲ್ಲಿದ್ದಲಿನ ಬಂಡಿ ಕಟ್ಟಿಕೊಂಡ ಉದ್ದನೆಯ ಎಕ್ಸ್‌ಪ್ರೆಸ್ ಇಂಜಿನ್, ಮೂರು ಡಬ್ಬಿ. ನೋಡಲು ರಾಜ, ಆದರೆ ಮಹಾ ಬಿಗುಮಾನದ ರಾಜ. ಹಳಿ ಸ್ವಲ್ಪ ಬಿಗಿಯಾಗಿ ತಿರುಗಿದರೂ ನೆಲಕ್ಕೆ ಉರುಳಿಕೊಳ್ಳುತ್ತಿತ್ತು. ಅದರ ಮರ್ಜಿ ಹಿಡಿಯಲು ಹಳಿಯನ್ನು ಅಗಲಿಸಿ ಅಗಲಿಸಿ, ಕೊನೆಗೆ ಪಡಸಾಲೆಯ ತುಂಬ ಸೊಂಟದೆತ್ತರಕ್ಕೆ ಹಲಗೆ ಹಾಸಿದೆ. ಅದರ ಮೇಲೆ ನಾಲ್ಕು ಸ್ಟೇಶನ್ನು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಸರಕಾರಕ್ಕೆ ಆಗದ್ದನ್ನು ನಾನು ಮಾಡಿದ್ದೆ. ಬೀಗರು ಬಂದರೆ ಹೊರಗಿನ ಕಟ್ಟೆಯ ಮೇಲೆಯೇ ಚಹಾ. ಒಳಗೆ ಹೋಗಬೇಕಾದವರು ರಾಮದುರ್ಗದ ಕೆಳಗೆ ಬಗ್ಗಿ ಅಡಿಗೆಮನೆ ಸೇರಬೇಕಿತ್ತು.

ಹೀಗೆ ದಿನಕ್ಕೆ ಇಪ್ಪತ್ತು ಸಲ ಬಗ್ಗುತ್ತಿದ್ದವಳು ನನ್ನ ಹೆಂಡತಿ ನೀಲವ್ವ. ಆಕೆ ಬೆಳಗಾವಿಯಲ್ಲಿ ಹೊಲಿಗೆ ಕಲಿತು ಸರ್ಟಿಫಿಕೇಟು ಪಡೆದವಳು. ಓಣಿಯ ಆರು ಹುಡುಗಿಯರಿಗೆ ಹೊಲಿಗೆ ಕಲಿಸುವ ಕ್ಲಾಸು ತೆರೆಯಬೇಕೆಂಬುದು ಅವಳ ಜೀವದ ಆಸೆ. ಅವಳ ಮಷೀನು ಮಾತ್ರ ಕೋಣೆಯ ಮೂಲೆಯಲ್ಲಿ ಕೌದಿ ಹೊದ್ದು ಕುಳಿತಿತ್ತು, ಪಡಸಾಲೆಯಲ್ಲಿ ನನ್ನ ರೈಲ್ವೆ ಇದ್ದುದರಿಂದ. ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಸುಮ್ಮನೆ ಬಗ್ಗಿ ಹೋಗುತ್ತಿದ್ದಳು.

ನನ್ನಂಥ ಇನ್ನೊಬ್ಬ ಹುಚ್ಚ ಸವದತ್ತಿಯ ಡ್ರಾಯಿಂಗ್ ಮಾಸ್ತರ ಈರಪ್ಪ. ಪ್ರತಿ ರವಿವಾರ ಮೊದಲ ಬಸ್ಸಿಗೆ ಬಂದಿಳಿಯುವರು. ಬಂದವರೇ, "ಸವದತ್ತಿ ಸ್ಟೇಶನ್ ಜ್ವಾಳದ ಚೀಲದ ಹಿಂದ ಯಾಕ ಒಗದೀರಿ? ನಮ್ಮ ಮಂದಿ ಟಿಕೀಟ್ ತಗಸೂದು ಹೆಂಗ?" ಎಂದು ತಕರಾರು ತೆಗೆಯುವರು. ಆಮೇಲೆ ನಾವಿಬ್ಬರೂ ಕೂತು ಕನಸು ಕಾಣುವುದು ಒಂದೇ: ಸಣ್ಣ ಟ್ಯಾಂಕ್ ಇಂಜಿನ್. ಹಿಂದೆ ಬಂಡಿ ಇಲ್ಲ, ನೀರಿನ ಟಾಕಿಯನ್ನು ತನ್ನ ಎರಡೂ ಪಕ್ಕೆಗೆ ಹೊತ್ತುಕೊಂಡು, ಮುಂದಕ್ಕೂ ಹಿಂದಕ್ಕೂ ಒಂದೇ ಹುರುಪಿನಲ್ಲಿ ಓಡುವ ಗಿಡ್ಡ ಇಂಜಿನ್. ಅದೂ ಪೆಟ್ಟಿಗೆ ಬಿಚ್ಚಿ ಹಳಿಯ ಮೇಲಿಟ್ಟರೆ ಓಡುವಂಥದ್ದೇ ಬೇಕು. ಯಾಕೆಂದರೆ ಮಾಸ್ತರರು ಹಿಂದೊಮ್ಮೆ ಬಿಡಿ ಭಾಗಗಳ ಪೊಟ್ಟಣ ತರಿಸಿ, ದೀಪಾವಳಿ ಸೂಟಿಯೆಲ್ಲ ಕೂತು ಜೋಡಿಸಿದ್ದರು. ತಯಾರಾದದ್ದನ್ನು ನೋಡಿ ಅವರ ತಾಯಿ, "ಸ್ಟೋ ಚಲೋ ಮಾಡೀಯಪಾ, ಬತ್ತಿ ಎಲ್ಲಿ?" ಎಂದಿದ್ದರು. ಎರಡು ಗಾಲಿ ಉಳಿದೂ ಇದ್ದವು.

ಮುಂಬೈಯ ಒಂದು ಅಂಗಡಿಯವರು ಅಂಥ ಇಂಜಿನ್ ತಯಾರಾಗುತ್ತಿದೆ ಎಂದು ತಮ್ಮ ಪಟ್ಟಿಯಲ್ಲಿ ಅಚ್ಚು ಹಾಕಿಸಿದರು. ನಾವು ಕಾರ್ಡು ಬರೆದೆವು. 'ಮುಂದಿನ ತಿಂಗಳು' ಎಂದು ಉತ್ತರ ಬಂತು. ಮುಂದಿನ ತಿಂಗಳು ಬರೆದಾಗಲೂ ಅದೇ ಉತ್ತರ. 'ಇನ್ನೇನು ಐದು ಮಿನಿಟಿನಾಗ ಹೊಂಡತೈತ್ರಿ' ಎಂದು ಸಾವಿರಾರು ಜನರಿಗೆ ಹೇಳಿದ ನನಗೆ ಆ ಉತ್ತರದ ಒಳಗುಟ್ಟು ತಿಳಿಯಬೇಕಿತ್ತು. ಆದರೂ ನಂಬಿದೆ.

ಒಂದು ರವಿವಾರ ನೀಲವ್ವ ಚಹಾ ಕೊಡುತ್ತ ಕೇಳಿದಳು, "ಏನ್ರಿ, ಆ ಸಣ್ಣ ಇಂಜಿನ್ ಬಂದ್ರ ಅದಕ್ಕ ತಿರಗಾಕ ಎಷ್ಟ ಜಾಗಾ ಬೇಕು?"

ಮಾಸ್ತರರ ಮುಂದೆ ನನಗೆ ಜಂಭ ಬಂತು. "ಅದ? ನಿನ್ನ ರೊಟ್ಟಿ ಹಿಟ್ಟು ನಾದೂ ಪರಾತದಷ್ಟ ಜಾಗಾ ಇದ್ರ ಗರಗರ ತಿರಗತೈತಿ," ಎಂದೆ.

"ಹಂಗಾದ್ರ ಈ ಹಲಗಿ?"

"ಆಮ್ಯಾಲ ಇದು ಯಾಕ ಬೇಕು? ತಗದ ಒಗದ್ರಾತು!"

"ಮಾಸ್ತರ, ನೀವು ಸಾಕ್ಷಿ ನೋಡ್ರಿ," ಎಂದಳು ನೀಲವ್ವ.

"ಹೂನ್ರಿ ವೈನಿ," ಎಂದರು ಆ ಪುಣ್ಯಾತ್ಮ.

ಅಂದಿನಿಂದ ಭಾರತದಲ್ಲಿ ಟ್ಯಾಂಕ್ ಇಂಜಿನ್ನಿಗಾಗಿ ಅತ್ಯಂತ ಆತುರದಿಂದ ಕಾಯುತ್ತಿದ್ದ ವ್ಯಕ್ತಿ ನಾನಾಗಿ ಉಳಿಯಲಿಲ್ಲ. ಅಂಚೆಯವನು ಬಂದರೆ ನನಗಿಂತ ಮೊದಲು ಅವಳೇ ಓಡುವಳು. ಮುರಗೋಡದಿಂದ ಬಂದ ತನ್ನ ತಂಗಿಗೆ, "ನೀರು ತನ್ನ ಬಾಜೂಕ್ಕ ಇಟ್ಕೊಂಡಿರತೈತವಾ, ಹಿಂದ ಬಾಲ ಇರೂದಿಲ್ಲ," ಎಂದು ತಿಳಿಸಿ ಹೇಳುವುದನ್ನು ನಾನೇ ಕೇಳಿದೆ. ಕೊನೆಗೆ ಮುಂಬೈಗೆ ತಾನೇ ಒಂದು ಕಾರ್ಡು ಬರೆದಳು. ಅದರಲ್ಲಿ ಏನಿತ್ತೋ ಕಾಣೆ, ಹದಿನೈದೇ ದಿನಕ್ಕೆ ಬೆಳಗಾವಿ ಬಸ್ಸಿನ ಕಂಡಕ್ಟರು ನನ್ನ ಟೇಬಲ್ಲಿನ ಮೇಲೆ ಪಾರ್ಸಲ್ಲು ತಂದಿಟ್ಟ.

ಹಸಿರು ಬಣ್ಣದ ಮುದ್ದಾದ ಇಂಜಿನ್. ಎರಡೂ ಪಕ್ಕೆಗೆ ಟಾಕಿ, ಮೇಲೊಂದು ಗಿಡ್ಡ ಚಿಮಣಿ. ಅಂಗೈಯಲ್ಲಿಟ್ಟುಕೊಂಡಾಗ ನನ್ನ ಕಣ್ಣಲ್ಲಿ ನೀರೇ ಬಂತು. ಆ ರವಿವಾರ ನೀಲವ್ವ ಅಡಿಗೆಮನೆಯಿಂದ ಪರಾತ ತಂದು, ಹಲಗೆಯ ಮೇಲೆ ಬೋರಲು ಹಾಕಿ, ಬಟ್ಟೆ ಕತ್ತರಿಸುವಾಗ ಗುರುತು ಮಾಡುವ ಬಿಳಿ ಖಡುವಿನಿಂದ ಸುತ್ತಲೂ ಗೆರೆ ಎಳೆದಳು. ಮಾಸ್ತರರು ಆ ಗೆರೆಯ ಮೇಲೆ ಹಳಿ ಬಗ್ಗಿಸಿ ಕೂಡಿಸಿದರು. ಓಣಿಯ ಆರೂ ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಕರೆಂಟು ಕೊಡುವ ಗುಂಡಿಯ ಮೇಲೆ ಕೈ ಇಟ್ಟಾಗ ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು, 'ತಾಯಿ ಎಲ್ಲವ್ವಾ, ಇದು ಉರುಳಲಿ' ಎಂದು. ಮೂರು ವರ್ಷ ಕಾದ ಇಂಜಿನ್ನು! ಅದು ತಿರುಗಿದರೆ ನನ್ನ ಕಿತ್ತೂರು ಹೋಯಿತು, ರಾಮದುರ್ಗ ಹೋಯಿತು, ನಾನು ಕೈಯಾರೆ ಬಣ್ಣ ಬಳಿದ ಅಷ್ಟೂ ಸೀಮೆ ಹೋಯಿತು ಎಂಬುದು ಆ ಕ್ಷಣದವರೆಗೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನೀಲವ್ವ ಪಕ್ಕದಲ್ಲೇ ನಿಂತಿದ್ದಳು. ಅವಳ ಎರಡೂ ಕೈ ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಅದನ್ನು ಕಂಡು ನನ್ನ ಬೇಡಿಕೆಗೆ ನನಗೇ ನಾಚಿಕೆಯಾಯಿತು. ಗುಂಡಿ ತಿರುಗಿಸಿದೆ.

ಇಂಜಿನ್ ಒಂದು ಸಲ ಮಿಡುಕಿತು. ಆಮೇಲೆ ಗರಗರ ಗರಗರ, ಹತ್ತು ಸುತ್ತು, ಇಪ್ಪತ್ತು ಸುತ್ತು. ಉರುಳುವ ಮಾತೇ ಇಲ್ಲ.

"ತಿರಗಾಕ ಹತ್ತೈತ್ರಿ!" ಎಂದು ನೀಲವ್ವ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ಕಂಟ್ರೋಲರನಾಗಿ ಹೇಳುತ್ತೇನೆ, ಹೇಳಿದ ಹೊತ್ತಿಗೆ ಹೊರಟ ಗಾಡಿ ನನ್ನ ಜನ್ಮದಲ್ಲಿ ಅದೊಂದೇ.

ಹಲಗೆಯನ್ನು ಒಗೆಯಲಿಲ್ಲ. ಪರಾತದಷ್ಟು ದುಂಡನೆಯ ತುಂಡೊಂದನ್ನು ನನಗೆ ಕೊಯ್ದು ಕೊಟ್ಟು, ಉಳಿದದ್ದನ್ನು ನೀಲವ್ವ ಬಟ್ಟೆ ಕತ್ತರಿಸುವ ಟೇಬಲ್ಲು ಮಾಡಿಕೊಂಡಳು. ಬಣ್ಣ ಮಾತ್ರ ಹೋಗಲಿಲ್ಲ. "ಖಣಾ ಕಿತ್ತೂರ ಮ್ಯಾಲ ಹಾಸವಾ, ತೋಳು ರಾಮದುರ್ಗದ ಕಡೆ ಬರಲಿ," ಎಂದು ಅವಳು ಹುಡುಗಿಯರಿಗೆ ಹೇಳುವುದು ಕಟ್ಟೆಯವರೆಗೂ ಕೇಳಿಸುತ್ತದೆ. ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆಂದು ಬೇರೆ ಹೇಳಬೇಕಿಲ್ಲ. ಕ್ಲಾಸು ಮುಗಿದ ಮೇಲೆ ನಾನು ಒಳಗೆ ಹೋಗಿ ಮಷೀನಿನ ಕೆಳಗಿಂದ ನನ್ನ ದುಂಡು ಹಲಗೆ ಎಳೆದುಕೊಂಡು, ಬಿದ್ದ ದಾರ ಗಾಲಿಗೆ ಸುತ್ತಿದ್ದರೆ ಬಿಡಿಸಿ, ರೈಲು ಓಡಿಸುತ್ತೇನೆ. ಅದಕ್ಕೆ ನಾಲ್ಕು ಸ್ಟೇಶನ್ ಹಿಡಿಸುವುದಿಲ್ಲ. ಇರುವುದೊಂದೇ, ಬೈಲಹೊಂಗಲ. ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಹುಡುಗಿಯರು ಹನ್ನೊಂದಾಗಿದ್ದಾರೆ. ಮೊನ್ನೆ ನೀಲವ್ವ ಮುಂಬೈಗೆ ಬರೆದ ಇನ್ನೊಂದು ಕಾರ್ಡನ್ನು ಡಬ್ಬಿಗೆ ಹಾಕಲು ನನ್ನ ಕೈಗೇ ಕೊಟ್ಟಳು. ಹಾದಿಯಲ್ಲಿ ಓದಿದೆ: 'ಇಂಜಿನ್ ಚಲೋ ಐತಿ. ಊಟದ ತಾಟಿನಷ್ಟು ಜಾಗದಾಗ ತಿರಗುವಂಥಾದ್ದು ಬಂದರ ತಿಳಸ್ರಿ.' ಅಂಚೆ ಡಬ್ಬಿಯ ಮುಂದೆ ನಿಂತೆ. ಆಮೇಲೆ ಪೆನ್ನು ತೆಗೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಅವಸರವೇನಿಲ್ಲ, ಮುಂದಿನ ತಿಂಗಳಾದರೂ ನಡೆದೀತು' ಎಂದು ಸೇರಿಸಿ ಹಾಕಿಬಿಟ್ಟೆ.