ಉಳಿದರ್ಧ ಮಾತ್ರೆಗಳ ವಿಲೇವಾರಿ ಕುರಿತು

ಸಂಖ್ಯೆ: ಸಾಶಾ/ಮಾತ್ರೆ-½/ಭಾಗ-೨ (ಭಾಗ-೧ರ ಕಡತ ಸಿಕ್ಕಿರುವುದಿಲ್ಲ)
ದಿನಾಂಕ: ಸೋಮವಾರ, ಕಚೇರಿ ತೆರೆದ ಕೂಡಲೇ

ಸುತ್ತೋಲೆ

ವಿಷಯ: ವೈದ್ಯರು ಒಬ್ಬರಿಗೆ ಬರೆದುಕೊಟ್ಟ ಮಾತ್ರೆಗಳನ್ನು ಮತ್ತೊಬ್ಬರು, ವಿಶೇಷವಾಗಿ ಸಿಬ್ಬಂದಿಯ ಹದಿಹರೆಯದ ಮಕ್ಕಳು, ನುಂಗುತ್ತಿರುವ ಬಗ್ಗೆ, ಹಾಗೂ ಕಚೇರಿಯ ಡ್ರಾಯರ್‌ಗಳಲ್ಲಿ ಕಾಗದ ಸುತ್ತಿಟ್ಟ ಅರ್ಧ ಮಾತ್ರೆಗಳ ವಿಲೇವಾರಿ ಬಗ್ಗೆ.

ಉಲ್ಲೇಖ: ೧) ಇಲಿಗಳ ವಿರುದ್ಧ ಹೊರಡಿಸಲಾದ ಜ್ಞಾಪನ.
೨) ಅಜ್ಜಿಯವರ ಮೌಖಿಕ ದೂರುಗಳು, ಒಟ್ಟು ಮೂರು (ದಾಖಲಿಸಿಕೊಂಡಿರುವುದಿಲ್ಲ).
೩) ಆಸ್ಪತ್ರೆಯ ವೈದ್ಯರ ಎರಡು ಸಾಲಿನ ಉತ್ತರ.

ಕಳೆದ ಗುರುವಾರ ಹತ್ತನೇ ತರಗತಿಯ ಪರೀಕ್ಷಾ ಕೊಠಡಿಯಲ್ಲಿ ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ಉತ್ತರ ಪತ್ರಿಕೆಯ ಮೇಲೆ ತಲೆಯಿಟ್ಟಿದ್ದು, ಆಕೆ ಯೋಚಿಸುತ್ತಿದ್ದಾಳೆಂದು ಕೊಠಡಿ ಮೇಲ್ವಿಚಾರಕರು ಇಪ್ಪತ್ತು ನಿಮಿಷಗಳ ಕಾಲ ಭಾವಿಸಿರುತ್ತಾರೆ. ಎಬ್ಬಿಸಿದಾಗ ಎದ್ದಿರುವುದಿಲ್ಲ. ಸದರಿ ವಿದ್ಯಾರ್ಥಿನಿಯು ಈಗ ಆಸ್ಪತ್ರೆಯ ಒಂಬತ್ತನೇ ಹಾಸಿಗೆಯಲ್ಲಿದ್ದು ಅಪಾಯದಿಂದ ಪಾರಾಗಿದ್ದಾಳೆ. ಮನೆಯವರೊಂದಿಗೆ ಮಾತ್ರ ಮಾತನಾಡುತ್ತಿಲ್ಲ. ಆಕೆಯು ಈ ಸುತ್ತೋಲೆಯನ್ನು ಬರೆಸುತ್ತಿರುವ ಶಾಖಾಧಿಕಾರಿಗಳ ಒಬ್ಬಳೇ ಮಗಳಾಗಿರುವುದರಿಂದ ಸುತ್ತೋಲೆಯ ಗಾಂಭೀರ್ಯಕ್ಕೆ ಯಾವುದೇ ಧಕ್ಕೆ ಬರತಕ್ಕದ್ದಲ್ಲ.

ಸದರಿ ವಿದ್ಯಾರ್ಥಿನಿಯು ಶಾಲೆ ಬಿಟ್ಟ ಮೇಲೆ ತಂದೆಯ ಸ್ಕೂಟರಿಗಾಗಿ ಕಾಯುತ್ತಾ, ನಮ್ಮ ಟಪಾಲು ಶಾಖೆಯ ಖಾಲಿ ಮೇಜಿನಲ್ಲಿ ಕುಳಿತು ಮನೆಪಾಠ ಮಾಡುತ್ತಿದ್ದುದು ಸಿಬ್ಬಂದಿಗೆಲ್ಲ ತಿಳಿದ ವಿಷಯವಾಗಿದೆ. ಅದೇ ಅವಧಿಯಲ್ಲಿ ಅಕ್ಕಪಕ್ಕದ ಡ್ರಾಯರ್‌ಗಳಿಂದ ಹದಿನಾಲ್ಕು ಅರ್ಧ ಮಾತ್ರೆಗಳು ಕಾಣೆಯಾಗಿರುತ್ತವೆ. ಈ ಎರಡು ಸಂಗತಿಗಳನ್ನು ಎರಡು ಬೇರೆ ಕಡತಗಳಲ್ಲಿ ಇಟ್ಟಿದ್ದರಿಂದ ಅವು ಪರಸ್ಪರ ಭೇಟಿಯಾಗಿರಲಿಲ್ಲ. ಈಗ ಆಗಿರುವುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಮಾತ್ರೆಯನ್ನು ಉಗುರಿನಿಂದ ಮುರಿದಾಗ ನುಂಗಲಾದ ತುಂಡನ್ನು 'ಅರ್ಧ' ಎಂದೂ, ಆಮೇಲೆ ಬೇಕಾದೀತೆಂದು ಕಾಗದದಲ್ಲಿ ಸುತ್ತಿಟ್ಟ ತುಂಡನ್ನು 'ಉಳಿದರ್ಧ' ಎಂದೂ ಪರಿಗಣಿಸತಕ್ಕದ್ದು. ಎರಡೂ ಒಂದೇ ಗಾತ್ರದಲ್ಲಿಲ್ಲದಿದ್ದರೂ ಇವೆಯೆಂದೇ ತಿಳಿಯತಕ್ಕದ್ದು. ಮುರಿಯುವಾಗ ಉದುರಿದ ಪುಡಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

೨. ಎಲ್ಲ ಸಿಬ್ಬಂದಿಯು ತಮ್ಮ ಡ್ರಾಯರ್, ಕೈಚೀಲ, ಕನ್ನಡಕದ ಡಬ್ಬಿ ಮತ್ತು ಊಟದ ಡಬ್ಬಿಯ ಮುಚ್ಚಳದಲ್ಲಿರುವ ಉಳಿದರ್ಧಗಳನ್ನು ನಾಳೆಯೊಳಗೆ ಘೋಷಿಸತಕ್ಕದ್ದು. ಅಂಗಡಿಯಲ್ಲಿ ಕತ್ತರಿಸಿಕೊಟ್ಟ ಮಾತ್ರೆ ಪಟ್ಟಿಗಳಲ್ಲಿ ಹೆಸರು ಮತ್ತು ದಿನಾಂಕ ಇನ್ಯಾರದೋ ಮನೆಗೆ ಹೋಗಿರುವುದರಿಂದ ಸಿಬ್ಬಂದಿಯು ಮಾತ್ರೆಗಳನ್ನು "ಹಳದೀದು", "ಉದ್ದಂದು", "ನಮ್ಮತ್ತೇದು" ಎಂದು ಗುರುತಿಸುತ್ತಿರುವುದು ಗಮನಕ್ಕೆ ಬಂದಿದೆ. ಬಣ್ಣ, ಉದ್ದ ಅಥವಾ ಅತ್ತೆಯ ಆಧಾರದ ಮೇಲೆ ಮಾತ್ರೆಯನ್ನು ಗುರುತಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

೩. ತಲೆನೋವು ಬಂದ ಸಿಬ್ಬಂದಿಯು ಪಕ್ಕದ ಮೇಜಿಗೆ ಕೈಚಾಚದೆ, ತಲೆನೋವನ್ನು ಸೂಕ್ತ ಮಾರ್ಗದ ಮೂಲಕ ಸಲ್ಲಿಸತಕ್ಕದ್ದು. ಮಂಜೂರಾತಿಗೆ ಮುನ್ನವೇ ತಲೆನೋವು ನಿಂತಲ್ಲಿ ಕಡತವನ್ನು ಮುಕ್ತಾಯಗೊಳಿಸಲಾಗುವುದು. ಮುಕ್ತಾಯಗೊಂಡ ತಲೆನೋವು ಪುನಃ ಬಂದಲ್ಲಿ ಹೊಸ ಅರ್ಜಿ ಸಲ್ಲಿಸತಕ್ಕದ್ದು, ಹಳೆಯದನ್ನು ಲಗತ್ತಿಸತಕ್ಕದ್ದು.

೪. ಟಪಾಲು ಶಾಖೆಯ ಹಿರಿಯ ಗುಮಾಸ್ತೆಯವರಿಗೆ ಸಿಬ್ಬಂದಿಯು ಪ್ರೀತಿಯಿಂದ ನೀಡಿದ್ದ 'ಡಾಕ್ಟರಮ್ಮ' ಎಂಬ ಹೆಸರನ್ನು ಹಿಂಪಡೆಯಲಾಗಿದೆ. ಅವರು "ಇದು ನಂಗೆ ಬರೆದುಕೊಟ್ಟಿದ್ದು ಕಣ್ರೀ, ಆದ್ರೆ ನಿಮಗೂ ಚೆನ್ನಾಗಿ ಹಿಡಿಸುತ್ತೆ" ಎಂದು ಹೇಳುತ್ತಾ ಹನ್ನೊಂದು ವರ್ಷಗಳಿಂದ ನಾಲ್ಕು ಶಾಖೆಗಳಿಗೆ ಚಿಕಿತ್ಸೆ ನೀಡಿರುತ್ತಾರೆ. ವಿಚಾರಣೆಯ ವೇಳೆ ಅವರು ನೀಡಿದ ಹೇಳಿಕೆ ಹೀಗಿದೆ: "ಲೆಕ್ಕ ಮಾಡ್ತಾ ಕೂತಿದ್ಲು ಸಾರ್. ಆಂಟಿ, ಎದೆ ಡವಡವ ಅಂತಿದೆ ಅಂದ್ಲು. ನಾನೇ ಡ್ರಾಯರ್ ತೆಗೆದು ಕೊಟ್ಟೆ. ಎಂಥಾ ಬುದ್ಧಿ ನಂದು!" ಹೇಳಿಕೆಯ ಎರಡನೇ ಪುಟವು ಅವರ ಕಣ್ಣೀರಿನಿಂದ ಒದ್ದೆಯಾಗಿರುವುದರಿಂದ, ಒಣಗಿದ ನಂತರ ಕಡತಕ್ಕೆ ಸೇರಿಸಲಾಗುವುದು.

೫. ಕಾಣೆಯಾದ ಹದಿನಾಲ್ಕು ಉಳಿದರ್ಧಗಳ ಬಗ್ಗೆ ಈ ಹಿಂದೆ ಇಲಿಗಳನ್ನು ಹೊಣೆಗಾರರನ್ನಾಗಿಸಿ, ಬೋನು ಇರಿಸಿ, ಗುಡಿಸುವ ಸಿಬ್ಬಂದಿಯಿಂದ ವಿವರಣೆಯನ್ನೂ ಕೇಳಲಾಗಿತ್ತು. ಇಲಿಗಳು ಯಾವುದೇ ಸಮಯದಲ್ಲೂ ತೂಕಡಿಸಿದ್ದು ಕಂಡುಬಂದಿಲ್ಲವೆಂದು ಗುಡಿಸುವ ಸಿಬ್ಬಂದಿಯು ಅಂದೇ ಲಿಖಿತವಾಗಿ ತಿಳಿಸಿದ್ದರೂ ಅದನ್ನು ಉದ್ಧಟತನವೆಂದು ಪರಿಗಣಿಸಲಾಗಿತ್ತು. ಈಗ ಇಲಿಗಳ ಮೇಲಿನ ಆರೋಪವನ್ನು ಕೈಬಿಡಲಾಗಿದೆ. ಬೋನನ್ನು ಉಗ್ರಾಣಕ್ಕೆ ಹಿಂತಿರುಗಿಸತಕ್ಕದ್ದು.

೬. "ಏನಾಗಲ್ಲ" ಎಂಬ ಪದದ ಬಳಕೆಯನ್ನು ಕಚೇರಿಯ ಆವರಣದಲ್ಲಿ ಹಾಗೂ ಸಿಬ್ಬಂದಿಯ ಮನೆಗಳಲ್ಲಿ ತಕ್ಷಣದಿಂದ ನಿಷೇಧಿಸಲಾಗಿದೆ. ಅದರ ಬದಲಿಗೆ "ಏನಾಗುತ್ತದೆಂದು ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ" ಎಂದು ಪೂರ್ಣವಾಗಿ ಹೇಳತಕ್ಕದ್ದು. ಇದಕ್ಕೆ ತಗಲುವ ಹೆಚ್ಚುವರಿ ಸಮಯವನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲಾಗುವುದು. "ಅರ್ಧ ತಾನೆ" ಎಂಬ ಪದಪುಂಜಕ್ಕೂ ಇದು ಅನ್ವಯಿಸುತ್ತದೆ.

೭. ಮನೆಯಲ್ಲಿ ಮಾತ್ರೆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಿರಲೆಂದು ಫ್ರಿಜ್ಜಿನ ಮೇಲೆ ಇಡುವ ಪದ್ಧತಿಯನ್ನು ಪರಿಶೀಲಿಸಲಾಯಿತು. ಸಿಬ್ಬಂದಿಯ ಮಕ್ಕಳ ಎತ್ತರವನ್ನು ಅಳೆಸಲಾಗಿ, ಹದಿನಾಲ್ಕು ವರ್ಷ ದಾಟಿದವರಲ್ಲಿ ಬಹುತೇಕರು ಅಪ್ಪ ಅಮ್ಮನಿಗಿಂತ ಉದ್ದವಾಗಿದ್ದು, ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಿಕೊಡಲು ಅಪ್ಪ ಅಮ್ಮನೇ ಅವರನ್ನು ಕರೆಯುತ್ತಿರುವುದು ಕಂಡುಬಂದಿದೆ. ಆದ್ದರಿಂದ ಡಬ್ಬಿಗೆ ಬೀಗ ಹಾಕತಕ್ಕದ್ದು. ಬೀಗವಿಲ್ಲದವರು ಡಬ್ಬಿಯ ಮೇಲೆ ಕುಳಿತುಕೊಳ್ಳತಕ್ಕದ್ದು. ಬೇಡವಾದ ಮಾತ್ರೆಗಳನ್ನು ಔಷಧಿ ಅಂಗಡಿಗೆ ಹಿಂತಿರುಗಿಸತಕ್ಕದ್ದು, ಚರಂಡಿಗೆ ಸುರಿಯತಕ್ಕದ್ದಲ್ಲ.

೮. ಶಾಖಾಧಿಕಾರಿಗಳ ತಾಯಿಯವರು, ಅಂದರೆ ವಿದ್ಯಾರ್ಥಿನಿಯ ಅಜ್ಜಿಯವರು, ತಮ್ಮ ಮಂಡಿನೋವಿನ ಮಾತ್ರೆಗಳು ಕಡಿಮೆಯಾಗುತ್ತಿವೆಯೆಂದು ಮೂರು ಬಾರಿ ಮೌಖಿಕವಾಗಿ ದೂರಿದ್ದು, ಮೂರೂ ಬಾರಿ "ನಿಂಗೆ ಮರೆವು ಕಣಮ್ಮ, ತಗೊಂಡಿರ್ತೀಯ" ಎಂಬ ಉತ್ತರ ನೀಡಲಾಗಿತ್ತು. ಮರು ಎಣಿಕೆಯಲ್ಲಿ ಅಜ್ಜಿಯವರ ಲೆಕ್ಕ ಸರಿಯೆಂದು ಸಾಬೀತಾಗಿದೆ. ಮರೆವಿನ ಬಗ್ಗೆ ಆಡಲಾದ ಮಾತನ್ನು ಹಿಂಪಡೆಯಲಾಗಿದೆ. ಅಜ್ಜಿಯವರು ಸದ್ಯ ಯಾರ ಮೇಲೂ ಸಿಟ್ಟಾಗಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಶಾಖಾಧಿಕಾರಿಗಳು ಅಭಿಪ್ರಾಯಪಟ್ಟಿರುತ್ತಾರೆ.

೯. ಮಾತ್ರೆಗಳ ದುರ್ಬಳಕೆಯ ಬಗ್ಗೆ ಸ್ಪಷ್ಟೀಕರಣ ಕೋರಿ ಶಾಖಾಧಿಕಾರಿಗಳು ಆಸ್ಪತ್ರೆಯ ವೈದ್ಯರಿಗೆ ಆರು ಪುಟಗಳ ಪತ್ರ ಬರೆದಿದ್ದು, ಕೆಳಕಂಡ ಉತ್ತರ ಬಂದಿರುತ್ತದೆ: "ಡಾಕ್ಟರ್ ಕೊಟ್ಟ ಮಾತ್ರೆ ಅಂದ್ರೆ ಯಾರಿಗಾದ್ರೂ ಆಗುತ್ತೆ ಅಂತಲ್ಲ, ನಿದ್ದೆ ಮಾತ್ರೆ, ನೋವಿನ ಮಾತ್ರೆ ಎರಡೂ ಸೇರಿದ್ರೆ ಉಸಿರೇ ನಿಲ್ಲಬಹುದು, ನಿಮ್ಮ ಮಗಳದ್ದು ನಿಲ್ಲೋದ್ರಲ್ಲಿತ್ತು. ಪತ್ರ ಸಾಕು, ಹೋಗಿ ಅವಳ ಹತ್ರ ಕೂತ್ಕೊಳ್ಳಿ." ಸದರಿ ಉತ್ತರದ ಮೊದಲ ವಾಕ್ಯವನ್ನು ಎಲ್ಲ ಶಾಖೆಗಳ ಸೂಚನಾ ಫಲಕದಲ್ಲಿ ಅಂಟಿಸಲು ಆದೇಶಿಸಲಾಗಿದೆ. ಎರಡನೇ ವಾಕ್ಯವು ಪರಿಶೀಲನೆಯಲ್ಲಿದೆ.

೧೦. ಮಗಳು ಊಟ ಬಿಟ್ಟದ್ದು, ಹಗಲಲ್ಲೇ ತೂಕಡಿಸಿದ್ದು, ಮಾತು ಮಾತಿಗೆ ರೇಗಿದ್ದು, ಗೆಳತಿಯರ ಜೊತೆ ಬಿಟ್ಟದ್ದು, ಇವೆಲ್ಲವನ್ನೂ 'ವಯಸ್ಸು' ಎಂಬ ಒಂದೇ ಶೀರ್ಷಿಕೆಯಡಿ ವರ್ಗೀಕರಿಸಿ ವಿಲೇ ಇಡಲಾಗಿತ್ತು. ಆ ಶೀರ್ಷಿಕೆಯನ್ನೇ ರದ್ದುಪಡಿಸಲಾಗಿದೆ. "ಹೇಗಿದೀಯಾ" ಎಂಬ ಪ್ರಶ್ನೆಗೆ ಮಕ್ಕಳು ನೀಡುವ "ಚೆನ್ನಾಗಿದೀನಿ" ಎಂಬ ಉತ್ತರವನ್ನು ಮಧ್ಯಂತರ ಉತ್ತರವೆಂದು ಮಾತ್ರ ಸ್ವೀಕರಿಸಿ, ಅಂತಿಮ ಉತ್ತರ ಬರುವವರೆಗೂ ಪಕ್ಕದಲ್ಲೇ ಕುಳಿತಿರತಕ್ಕದ್ದು. ಈ ಅವಧಿಯಲ್ಲಿ ಫೋನ್ ನೋಡತಕ್ಕದ್ದಲ್ಲ.

೧೧. (ಕೈಬಿಡಲಾಗಿದೆ. ಈ ಕಂಡಿಕೆಯಲ್ಲಿ ಮಾತ್ರೆ ನುಂಗಿದ ಮಕ್ಕಳಿಗೆ ವಿಧಿಸಬೇಕಾದ ಶಿಕ್ಷೆಯ ವಿವರವಿತ್ತು. ಬೆರಳಚ್ಚುಗಾರ್ತಿಯು "ಇದನ್ನ ನಾನು ಟೈಪ್ ಮಾಡಲ್ಲ ಸಾರ್, ಬೇಕಾದ್ರೆ ನೀವೇ ಹೊಡ್ಕೊಳ್ಳಿ" ಎಂದು ಕೈಕಟ್ಟಿ ಕುಳಿತಿರುತ್ತಾರೆ.)

೧೨. ಹೊಣೆಗಾರಿಕೆ ನಿಗದಿ. ವಿದ್ಯಾರ್ಥಿನಿಯ ಮಾತ್ರೆ ಸೇವನೆಯು ಕ್ರಮವಾಗಿ ಅಪ್ಪನ ನಿದ್ದೆ ಮಾತ್ರೆಯ ಪಟ್ಟಿ, ಅಜ್ಜಿಯ ಡಬ್ಬಿ ಮತ್ತು ಕಚೇರಿಯ ಡ್ರಾಯರ್‌ಗಳ ಮೂಲಕ ಏಳು ತಿಂಗಳು ನಡೆದಿರುವುದು ಖಚಿತಪಟ್ಟಿದೆ. ಪರೀಕ್ಷೆಗೆ ಅರ್ಧ, ವೇದಿಕೆಯಲ್ಲಿ ಮಾತನಾಡಲು ಅರ್ಧ, ಗೆಳತಿ ಮಾತು ಬಿಟ್ಟಾಗ ಒಂದು, ಆಮೇಲೆ ಕಾರಣವಿಲ್ಲದೆಯೂ ಒಂದು. ಆದರೆ 'ಮೊದಲ ಅರ್ಧವನ್ನು ನೀಡಿದವರು' ಎಂಬ ಅಂಕಣವು ನಾಲ್ಕು ಕರಡುಗಳಲ್ಲಿ ಖಾಲಿಯಿತ್ತು. ವಾರ್ಡಿನ ನರ್ಸ್ ಅವರಿಗೆ ವಿದ್ಯಾರ್ಥಿನಿಯು "ಮೊದಲ್ನೇ ಪರೀಕ್ಷೆ ಹಿಂದಿನ ರಾತ್ರಿ ನಿದ್ದೆನೇ ಬರ್ತಿರ್ಲಿಲ್ಲ ಸಿಸ್ಟರ್. ಅಪ್ಪನೇ ತಮ್ಮದು ಮುರಿದು ಕೊಟ್ರು. ಅಪ್ಪ ಕೊಟ್ಟಿದ್ದಲ್ವಾ, ಅದಕ್ಕೇ ಹೆದರಿಕೆ ಆಗ್ಲಿಲ್ಲ" ಎಂದು ತಿಳಿಸಿರುವ ಹಿನ್ನೆಲೆಯಲ್ಲಿ, ಐದನೇ ಕರಡಿನಲ್ಲಿ ಸದರಿ ಅಂಕಣವನ್ನು ಶಾಖಾಧಿಕಾರಿಗಳು ಸ್ವಹಸ್ತದಿಂದ ಭರ್ತಿ ಮಾಡಿರುತ್ತಾರೆ: ನಾನು.

೧೩. ಶಾಖಾಧಿಕಾರಿಗಳು ನಾಲ್ಕು ದಿನಗಳಿಂದ ಭೇಟಿಯ ವೇಳೆಗೆ ಆಸ್ಪತ್ರೆಗೆ ಹೋಗಿ, ಹಾಸಿಗೆಗೆ ತೂಗುಹಾಕಿದ ಚಿಕಿತ್ಸಾ ಪಟ್ಟಿಯನ್ನು ಎರಡು ಬಾರಿ ಓದಿ, ಅದರಲ್ಲಿನ ಒಂದು ಕಾಗುಣಿತ ದೋಷವನ್ನು ತಿದ್ದಿ, ಹಿಂತಿರುಗಿರುತ್ತಾರೆ. ಮಗಳ ಮುಖ ನೋಡಲು ಧೈರ್ಯ ಬಂದಿರುವುದಿಲ್ಲ. ಮಗಳೆದುರು ತಪ್ಪೊಪ್ಪಿಕೊಳ್ಳುವುದಕ್ಕೆ ಇಲಾಖೆಯಲ್ಲಿ ಯಾವುದಾದರೂ ನಮೂನೆ ಇದೆಯೇ ಎಂದು ವಿಚಾರಿಸಲಾಗಿ, ಇಲ್ಲವೆಂದೂ, ಇದುವರೆಗೆ ಯಾರೂ ಕೇಳಿಲ್ಲವೆಂದೂ ಲೇಖನ ಸಾಮಗ್ರಿ ಶಾಖೆಯು ತಿಳಿಸಿದೆ. ಆದ್ದರಿಂದ

ಸಹಿ/-
ಬೆರಳಚ್ಚುಗಾರ್ತಿ
(ಶಾಖಾಧಿಕಾರಿಗಳ ಪರವಾಗಿ. ಅವರು 'ಆದ್ದರಿಂದ' ಎಂದವರು ಕನ್ನಡಕವನ್ನೂ ಮೇಜಿನ ಮೇಲೆ ಬಿಟ್ಟು ಎದ್ದು ಹೊರಟುಹೋಗಿರುತ್ತಾರೆ. ರಜೆ ಅರ್ಜಿ ಕೊಟ್ಟಿಲ್ಲ. ಅದನ್ನು ನಾನೇ ಬರೆದಿಡುತ್ತೇನೆ.)

ಪ್ರತಿಗಳು:

೧. ಎಲ್ಲ ಶಾಖೆಗಳ ಮುಖ್ಯಸ್ಥರಿಗೆ, ಡ್ರಾಯರ್ ತೆರೆದಿಟ್ಟುಕೊಂಡು ಓದಲು.
೨. ಇಲಿಗಳಿಗೆ, ಬಿಲದ ಬಾಯಲ್ಲಿ ಅಂಟಿಸುವ ಮೂಲಕ.
೩. ಗುಡಿಸುವ ಸಿಬ್ಬಂದಿಗೆ, ಕ್ಷಮೆಯೊಂದಿಗೆ.
೪. ಅಜ್ಜಿಯವರಿಗೆ, ದಪ್ಪ ಅಕ್ಷರಗಳಲ್ಲಿ.
೫. ಬೀದಿ ಮೂಲೆಯ ಔಷಧಿ ಅಂಗಡಿಗೆ, ನಾಳೆ ಬರಲಿರುವ ಒಂದು ಚೀಲ ಉಳಿದರ್ಧಗಳ ಮುನ್ಸೂಚನೆಯಾಗಿ.
೬. ವಾರ್ಡಿನ ನರ್ಸ್ ಅವರಿಗೆ, ಭೇಟಿಯ ವೇಳೆ ಆಗಿಲ್ಲದಿದ್ದರೂ ಇಂದು ಒಬ್ಬರನ್ನು ಒಳಗೆ ಬಿಡಬೇಕೆಂಬ ಕೋರಿಕೆಯೊಂದಿಗೆ. ಕನ್ನಡಕವಿಲ್ಲದೆ ಬರುತ್ತಿದ್ದಾರೆ, ಪಟ್ಟಿ ಓದಲಾರರು.
೭. ಒಂಬತ್ತನೇ ಹಾಸಿಗೆಗೆ: ಪ್ರತಿ ಕಳುಹಿಸಿರುವುದಿಲ್ಲ. ಅಪ್ಪ ಬರ್ತಾ ಇದಾರೆ ಕಣಮ್ಮ.