ಪೇಂಟರ್ ಎಲ್ಲಿ?

ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ, ನಕ್ಕು ನಕ್ಕು ಸಾಕಾಗಿ ಮನೆಗೆ ಬರುತ್ತೇವೆ. ನಮ್ಮವರು ಬಣ್ಣ ಹಚ್ಚುತ್ತಾರೆ, ನಾನು ಕೆರೆಯುತ್ತೇನೆ. ಹಳೆಯ ಮನೆಗಳ ಮುಂದಿನ ಕಟ್ಟಿಗೆಯ ಪಡಸಾಲೆಯಲ್ಲಿ ಬಿಸಿಲು ಮಳೆಗೆ ಹಕ್ಕಳೆ ಎದ್ದ ಬಣ್ಣವನ್ನು ಕಬ್ಬಿಣದ ಪಟ್ಟಿ ಹಿಡಿದು ಕೆರೆದು, ಪಾಲಿಶ್ ಪೇಪರ್ ತಿಕ್ಕಿ, ಕಟ್ಟಿಗೆ ಕನ್ನಡಿಯಾಗುವ ತನಕ ನಾನು ಬಿಡುವವಳಲ್ಲ. ಹೊಗಳಿಕೆ ಮಾತ್ರ ಬ್ರಷ್ ಹಿಡಿದವರಿಗೆ! ನನ್ನನ್ನೂ ಯಾರಾದರೂ ಒಮ್ಮೆ ಪೇಂಟರ್ ಅನ್ನಲಿ ಎಂಬುದು ನನ್ನ ಬಹುದಿನದ ಆಸೆ.

ಸಿಂಧನೂರು: ಇದ್ದದ್ದೂ ಹೋಯಿತು

ಕಿರಾಣಿ ಅಂಗಡಿ ಸಾವ್ಕಾರರ ಮನೆ. ನಮ್ಮವರು ಪ್ರೈಮರ್ ತರಲು ಹೋಗಿದ್ದರು, ನಾನೊಬ್ಬಳೇ ಕಂಬ ಕೆರೆಯುತ್ತಿದ್ದೆ. ಅಂಗಡಿಗೆ ಹೊರಟ ಸಾವ್ಕಾರರು ಗಕ್ಕನೆ ನಿಂತರು.

"ಏನವ್ವ, ಪೇಂಟರ್ ಎಲ್ಲಿ?"

"ಬರ್ತಾರ್ರೀ. ಅಷ್ಟರಾಗ ಕೆರದು ಇಡ್ತೀನಿ."

ಅವರು ಕೆಳಗೆ ಬಿದ್ದ ಹಕ್ಕಳೆಯ ಗುಡ್ಡೆ ನೋಡಿದರು, ಬೋಳು ಕಂಬ ನೋಡಿದರು. "ಯವ್ವಾ, ನಾ ಕರೆಸಿದ್ದು ಬಣ್ಣ ಹಚ್ಚಾಕ. ನೀ ಇದ್ದದ್ದನ್ನೂ ಕೀಳಾಕತ್ತೀಯಲ್ಲ!"

"ಮ್ಯಾಲ ಥಳಕು, ಒಳಗ ಹುಳುಕು ಆಗಬಾರದಲ್ರೀ" ಅಂದೆ. ಗೊಣಗುತ್ತ ಹೋದರು.

ಕೆಲಸ ಮುಗಿದ ದಿನ ಹಸಿ ಬಣ್ಣದ ಮೇಲೆಯೇ ಕೈಯಾಡಿಸಿ, "ಭಾಳ ನುಣುಪು ಬಂದೈತಿ!" ಎಂದು ನಮ್ಮವರ ಬೆನ್ನು ತಟ್ಟಿದರು. ಬಿಳಿ ಅಂಗಿಯ ಮೇಲೆ ಐದು ಹಸಿರು ಬೆರಳು ಮೂಡಿದವು. ನುಣುಪು ಮಾಡಿದ್ದು ನಾನು, ಶಾಬಾಸ್ ಅವರಿಗೆ ಅಂತ ಉರಿಯುತ್ತಿದ್ದ ನನ್ನ ಹೊಟ್ಟೆ ತಣ್ಣಗಾಯಿತು.

ಲಿಂಗಸುಗೂರು: ಒಳಗೆ ಯಾರಿದ್ದಾರೆ?

ಇಲ್ಲಿ ಮನೆಯ ಅಜ್ಜಿ ದಿನವೂ ನನ್ನ ಪಕ್ಕದಲ್ಲೇ ಕೂಡುತ್ತಿದ್ದರು. ಕಂದು ಕೆರೆದರೆ ಹಸಿರು ಬಂತು. "ಇದು ಸಣ್ಣ ಮಗನ ಮದಿವಿಗೆ ಹಚ್ಚಿದ್ದು." ಹಸಿರು ಕೆರೆದರೆ ನೀಲಿ. "ಇದು ದೊಡ್ಡ ಮಗಳು ಹುಟ್ಟಿದಾಗ." ನೀಲಿ ಕೆರೆದರೆ ಹಳದಿ. "ಇದು ನಾ ಸೊಸಿಯಾಗಿ ಬಂದಾಗಿಂದು" ಎಂದು ಅಜ್ಜಿ ನಾಚಿಕೊಂಡರು.

ನಾನು ಹುರುಪಿನಿಂದ ಮತ್ತೆ ಪಟ್ಟಿ ಎತ್ತಿದೆ. ಅಜ್ಜಿ ಗಾಬರಿಯಿಂದ ನನ್ನ ಕೈ ಹಿಡಿದರು.

"ಸಾಕವ್ವ, ಇನ್ನ ಕೆರಿಬ್ಯಾಡ. ಇದರ ಕೆಳಗ ನಮ್ಮತ್ತಿ ಅದಾಳ!"

ಮಸ್ಕಿ: ಮೇಲಿದ್ದವರು

ನಾನು ತಂಗಿಯ ಬಾಣಂತನಕ್ಕೆಂದು ಜವಳಗೇರಾಕ್ಕೆ ಹೋಗಿದ್ದಾಗ ನಮ್ಮವರು, "ಕೆರಿಯೋದೇನು ದೊಡ್ಡ ಕೆಲಸ?" ಎಂದು ಮಸ್ಕಿಯ ಗೌಡರ ಪಡಸಾಲೆಗೆ ಹಳೆಯದರ ಮೇಲೆಯೇ ಬಣ್ಣ ಹೊಡೆದು ಬಂದರು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದಿತು. ಕಂಬಕ್ಕೆ ಒರಗಿ ಕೂತಿದ್ದ ಗೌಡರು ಹಾಗೆಯೇ ಎದ್ದು ಒಂದು ಲಗ್ನಕ್ಕೆ ಹೋದರು. ಬೆನ್ನ ತುಂಬ ಹಕ್ಕಳೆ. ಅಲ್ಲಿ ಯಾರೋ, "ಗೌಡ್ರ, ಪೊರಿ ಬಿಡಾಕತ್ತೀರೇನ್ರೀ?" ಎಂದು ಕೇಳಿದರಂತೆ. ಮರುದಿನವೇ ನಮಗೆ ಫೋನು ಬಂತು.

ನಾನು ಒಂದೇ ಮಾತು ಹೇಳಿದೆ. "ಈ ಸಲ ನೀವು ಕೆರಿರಿ. ಹಚ್ಚಾಕಿ ನಾನು."

ನಮ್ಮವರು ಪಟ್ಟಿ ಹಿಡಿದರು. ಮೂರು ದಿನ ಕೆರೆದರು, ಮೀಸೆಯೆಲ್ಲ ಧೂಳಾಯಿತು. ನಾಲ್ಕನೆಯ ದಿನ ಅವರು ಕೊನೆಯ ಕಂಬ ಕೆರೆಯುತ್ತಿದ್ದರು, ನಾನು ಏಣಿ ಹತ್ತಿ ಜಂತಿಗೆ ಬ್ರಷ್ ಆಡಿಸುತ್ತಿದ್ದೆ. ಗೌಡರ ಬೀಗರು ಬಂದು ನಮ್ಮವರನ್ನು ಕೇಳಿದರು.

"ಏನಪ್ಪ, ಪೇಂಟರ್ ಎಲ್ಲಿ?"

ನಮ್ಮವರು ಮೀಸೆ ಒರೆಸಿಕೊಂಡರು. ಒಮ್ಮೆ ನನ್ನತ್ತ ನೋಡಿದರು.

"ಮ್ಯಾಲ ಅದಾರ ನೋಡ್ರಿ."

ಅದಾರ! ನನ್ನನ್ನು "ಲೇ" ಬಿಟ್ಟು ಬೇರೆ ಕರೆದೇ ಗೊತ್ತಿಲ್ಲದ ಮನುಷ್ಯ. ಹಿಗ್ಗಿಗೆ ಏಣಿಯಿಂದ ಬೀಳುವುದೊಂದು ಬಾಕಿ. ಆ ಪಡಸಾಲೆಯಲ್ಲಿ ನಾನು ಹಚ್ಚಿದ ಬಣ್ಣದ ಒಂದು ಹಕ್ಕಳೆಯೂ ಇವತ್ತಿಗೂ ಎದ್ದಿಲ್ಲ. ನಮ್ಮವರ ಬಹುವಚನ ಮಾತ್ರ ಮನೆ ಮುಟ್ಟುವುದರೊಳಗೆ ಉದುರಿತ್ತು.