ರೈ ವಿಸ್ಕಿ ರುಚಿ ನೋಡುವಾಗ ಹಿರಿಯರಿಗೆ ಸಲ್ಲಬೇಕಾದ ಹನಿಗಳ ಮಿತಿ

ಸಂಖ್ಯೆ: ರುಪ/ಕುಮಟಾ/ಹನಿ-೧೭/೨೦೦೩-೦೪
ದಿನಾಂಕ: ೧೨-೧೧-೨೦೦೩

ಸುತ್ತೋಲೆ

ವಿಷಯ: ಮಿತದರದ ರೈ ವಿಸ್ಕಿಯನ್ನು ಹಾಗೆಯೇ ಗುಟುಕರಿಸಿಯೂ ಕಾಕ್‌ಟೇಲ್ ಮಾಡಿಯೂ ರುಚಿ ನೋಡುವ ಬಗ್ಗೆ, ಹಾಗೂ ರುಚಿ ನೋಡುವ ಮೊದಲೇ ಬಾಟಲಿ ಮುಗಿದುಹೋದ ಬಗ್ಗೆ.

ಉಲ್ಲೇಖ:
೧. ಓಂ ಬೀಚಿನ ಗೆಸ್ಟ್ ಹೌಸ್ ಮಾಲೀಕ ದಿನಕರ ಅಂಬಿಗರ ಅರ್ಜಿ.
೨. ಹೊಳನಗದ್ದೆಯ ಶ್ರೀಮತಿ ಗಣಪಿ ಇವರು ಕಚೇರಿಯ ಬಾಗಿಲಲ್ಲಿ ನಿಂತು ಸಲ್ಲಿಸಿದ ಮೌಖಿಕ ದೂರು.
೩. ಖಾಲಿ ಬಾಟಲಿ.

ಈ ಸೀಸನ್ನಿನ ವಿದೇಶಿ ಪ್ರವಾಸಿಗರು ರೈ ಎಂಬ ಧಾನ್ಯದ ವಿಸ್ಕಿಯನ್ನೇ ಕೇಳುತ್ತಿರುವುದರಿಂದ, ಕೈಗೆಟುಕುವ ಬೆಲೆಯದೊಂದನ್ನು ತರಿಸಬಹುದೇ ಎಂದು ಉಲ್ಲೇಖ (೧)ರ ಅರ್ಜಿದಾರರು ಮಾದರಿ ಬಾಟಲಿಯೊಂದಿಗೆ ಇಲಾಖೆಯ ಅಭಿಪ್ರಾಯ ಕೋರಿದ್ದರು. ಮೀನು ಸಾರಿನ ಒಂದು ಹನಿ ನಾಲಿಗೆಗೆ ತಾಗಿಸಿ ಬಂಗಡೆ ತದಡಿಯದ್ದೋ ಹೊನ್ನಾವರದ್ದೋ ಎಂದು ಹೇಳಬಲ್ಲ ಜವಾನ ಮಾಬ್ಲ ಗೌಡರಿಗೆ ಈ ಕೆಲಸ ವಹಿಸಲಾಗಿತ್ತು. ಹನ್ನೊಂದು ವರ್ಷಗಳಿಂದ ದಿನಗೂಲಿಯಲ್ಲಿರುವ ಸದರಿಯವರನ್ನು, ಈ ಒಂದು ವರದಿ ಕೊಟ್ಟರೆ ಖಾಯಂ ಮಾಡುವುದಾಗಿ ಬಾಯಿಮಾತಿನಲ್ಲಿ ಒಪ್ಪಲಾಗಿತ್ತು. ಮಾಬ್ಲ ಗೌಡರು ನಾಲಿಗೆ ಚೊಕ್ಕವಾಗಿರಲೆಂದು ಎರಡು ದಿನ ಎಲೆಅಡಿಕೆಯ ಕವಳ ಬಿಟ್ಟು, ಇಸ್ತ್ರಿ ಅಂಗಿಯಲ್ಲಿ ಹಾಜರಾಗಿದ್ದರು. ಅವರಿಗೆ ನೆರವಾಗಲು ಮೂರು ತಾಲೂಕುಗಳಿಂದ ನಾಲ್ವರ ಸಮಿತಿಯು, ಯಾರೂ ಕರೆಯದೆ, ರಚನೆಗೊಂಡಿತು.

ಕುಡಿಯುವ ಮೊದಲು, ಗತಿಸಿದ ಹಿರಿಯರಿಗೆ ಬೆರಳದ್ದಿ ಒಂದೆರಡು ಹನಿ ನೆಲಕ್ಕೆ ಚಿಮುಕಿಸುವುದು ರೂಢಿ. ಇದಕ್ಕೆ ಇಲಾಖೆಯ ಆಕ್ಷೇಪವಿಲ್ಲ. ಆದರೆ ಸದರಿ ದಿನ ನಡೆದುದನ್ನು ಗಮನಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಹನಿ ಎಂದರೆ ಉಂಗುರಬೆರಳಿನ ಉಗುರಿನಿಂದ ಬೀಳುವಷ್ಟು. ಸಮಿತಿಯ ಸದಸ್ಯರಾದ ಹೊನ್ನಾವರದ ಬೀರಪ್ಪನವರು ಲೋಟವನ್ನೇ ಬಗ್ಗಿಸಿದ್ದು ಹನಿಯ ವ್ಯಾಖ್ಯೆಗೆ ಒಳಪಡುವುದಿಲ್ಲ.

೨. ಒಬ್ಬರಿಗೆ ಮೂರು ತಲೆಮಾರು ಮಾತ್ರ. ಬೀರಪ್ಪನವರು ಹನ್ನೊಂದು ತಲೆಮಾರು ಮುಗಿಸಿ ಹೆಂಡತಿಯ ಕಡೆಯವರನ್ನು ಆರಂಭಿಸಿದ್ದರು.

೩. ಹಿರಿಯರು ಗತಿಸಿರುವುದು ಕಡ್ಡಾಯ. ಇನ್ನೊಬ್ಬ ಸದಸ್ಯ ಭಟ್ಕಳದ ಸಂತೋಷರವರು ಹನಿ ಬಿಟ್ಟ ದೊಡ್ಡಪ್ಪ ಮಂಕಿಯಲ್ಲಿ ಆರೋಗ್ಯವಾಗಿರುವುದು ವಿಚಾರಣೆಯಿಂದ ಕಂಡುಬಂದಿದೆ. ತಮ್ಮ ಪಾಲನ್ನು ನೆಲಕ್ಕೆ ಹಾಕಿದ್ದೇಕೆಂದು ಅವರು ಖುದ್ದಾಗಿ ಬಂದು ಕೇಳಿರುತ್ತಾರೆ.

೪. ಹಿರಿಯರಿಗೆ ಕಾಕ್‌ಟೇಲ್ ಮಾಡಿಕೊಡತಕ್ಕದ್ದಲ್ಲ. ಮುರುಗಲು ಪಾನಕ ಬೆರೆಸಿದರೆ ಅಜ್ಜನಿಗೆ ಹೆಚ್ಚು ಸೇರುತ್ತಿತ್ತೆಂಬ ಸಂತೋಷರ ವಾದವನ್ನು ತಿರಸ್ಕರಿಸಲಾಗಿದೆ.

೫. ಮೀನಿನ ಪೆಟ್ಟಿಗೆಯ ಐಸನ್ನು ಲೋಟಕ್ಕೆ ಹಾಕಬಾರದು. ಹಾಕಿದಲ್ಲಿ, ವಿಸ್ಕಿಗೆ ಕಡಲಿನ ಪರಿಮಳವಿದೆಯೆಂದು ವರದಿಯಲ್ಲಿ ಬರೆಯಬಾರದು.

೬. ರುಚಿಯನ್ನು ಹೋಲಿಕೆಯೊಂದಿಗೆ ದಾಖಲಿಸತಕ್ಕದ್ದು: ಕಾಳುಮೆಣಸಿನ ಖಾರವೋ, ದಾಲ್ಚಿನ್ನಿಯೋ, ಸುಟ್ಟ ಬ್ರೆಡ್ಡಿನ ಅಂಚೋ. ‘ಗಂಟಲು ಸುಟ್ಟಿತು’ ಎಂಬುದು ರುಚಿಯಲ್ಲ, ಘಟನೆ.

೭. ಬಾಟಲಿ ಮಾಬ್ಲ ಗೌಡರ ಕೈಸೇರುವಾಗ ಅದರಲ್ಲಿ ಒಂದು ಚಮಚ ಉಳಿದಿತ್ತು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಅದನ್ನೂ ನೆಲಕ್ಕೆ ಬಿಟ್ಟರು. ಕಾರಣ ಕೇಳಲಾಗಿ, “ಎಲ್ಲರ ಹಿರೇರಿಗೂ ಆತು ಸಾಯ್ಬ್ರೆ. ನಮ್ಮಪ್ಪಗೆ ಉಳ್ದದ್ದೇ ಒಂದು ಚಮಚ. ಅದ್ರಲ್ಲೂ ನಾ ಪಾಲು ಕೇಳೂದು ಹೆಂಗೆ?” ಎಂದು ಹೇಳಿಕೆ ನೀಡಿರುತ್ತಾರೆ.

೮. ಉಲ್ಲೇಖ (೨)ರ ದೂರುದಾರರಾದ, ಮಾಬ್ಲ ಗೌಡರ ಪತ್ನಿ ಗಣಪಿಯವರು, ಗಂಡನನ್ನೂ ಇಲಾಖೆಯನ್ನೂ ಒಟ್ಟಿಗೆ ನಿಲ್ಲಿಸಿ, “ಒಂದು ಗುಟ್ಕು ಕುಡ್ದು ಬರ್ಕೊಡುಕೆ ನಿಮ್ಗೆ ಎಂತ ಆಗಿತ್ತು? ಮಾವ ಬಂದು ಆರ್ಡರ್ ಕೊಡ್ತ್ರಾ?” ಎಂದು ಕೇಳಿದ್ದಾರೆ.

೯. ಸಮಿತಿಯ ನಾಲ್ವರು ಸದಸ್ಯರು ಒಂದು ತೊಟ್ಟೂ ಕುಡಿಯದೆ, ವಿಸ್ಕಿಯು ಉತ್ಕೃಷ್ಟವೆಂದು ಒಟ್ಟು ಹದಿನಾಲ್ಕು ಪುಟ ಬರೆದಿದ್ದಾರೆ. ಮಾಬ್ಲ ಗೌಡರ ವರದಿ ‘ನಾನು ರುಚಿ ನೋಡಲಿಲ್ಲ’ ಎಂಬ ಒಂದೇ ಸಾಲಿನದು. ಬಂದ ಐದು ವರದಿಗಳಲ್ಲಿ ನಡೆದ ಸಂಗತಿಗೆ ತಾಳೆಯಾಗುವುದು ಇದೊಂದೇ ಆದ್ದರಿಂದ, ಇದನ್ನು ಅಂಗೀಕರಿಸಿ ಸದರಿಯವರನ್ನು ಇಂದಿನಿಂದ ಖಾಯಂ ಮಾಡಿ ಆದೇಶಿಸಲಾಗಿದೆ.

೧೦. ಎರಡನೇ ಬಾಟಲಿಯನ್ನು ಅವರೊಬ್ಬರೇ, ಬಾಗಿಲು ಹಾಕಿಕೊಂಡು ರುಚಿ ನೋಡತಕ್ಕದ್ದು. ಅವರ ತಂದೆಯವರಿಗೆ ಈಗಾಗಲೇ ಸಂದಾಯವಾಗಿರುವುದರಿಂದ ಇದರಲ್ಲಿ ಹಕ್ಕು ಇರುವುದಿಲ್ಲ.

ಸಹಿ/-
(ವಿಘ್ನೇಶ್ವರ)
ರುಚಿ ಪರಿಶೀಲನಾಧಿಕಾರಿ (ಪ್ರಭಾರ), ಕುಮಟಾ
(ಸ್ವತಃ ಕುಡಿಯುವುದಿಲ್ಲ)

ಪ್ರತಿಗಳು:
೧. ದಿನಕರ ಅಂಬಿಗ, ಓಂ ಬೀಚ್ – ಎರಡನೇ ಬಾಟಲಿಯನ್ನು ಕಚೇರಿಗೆ ತಲುಪಿಸುವಂತೆ.
೨. ಸಮಿತಿಯ ನಾಲ್ವರು ಸದಸ್ಯರು – ಆ ದಿನ ರಜೆ ಹಾಕುವಂತೆ.
೩. ಗತಿಸಿದ ಹಿರಿಯರು – ಕಾಗೆಗಳ ಮುಖಾಂತರ.
೪. ಸಂತೋಷರ ದೊಡ್ಡಪ್ಪ, ಮಂಕಿ – ಸಾಮಾನ್ಯ ಅಂಚೆಯಲ್ಲಿ.
೫. ಮಾಬ್ಲ ಗೌಡ – ಕಾರ್ಬನ್ ಪ್ರತಿ.
೬. ಶ್ರೀಮತಿ ಗಣಪಿ, ಹೊಳನಗದ್ದೆ – ಅಸಲು ಪ್ರತಿ, ಸೀಲು ಸಹಿತ. ಇದನ್ನು ಪಡೆಯಲು ಅವರು ಕಚೇರಿಗೆ ಬರುವ ಅಗತ್ಯವಿಲ್ಲ. ಇಲಾಖೆಯೇ ಅವರ ಮನೆಗೆ ಬರುತ್ತದೆ.